ಅತ್ತೆಯವರ ಬೆನ್ನು ಹತ್ತಿದ ಕೀಬೋರ್ಡು

ಯಾರಿಗಾದರೂ ಉಪಕಾರ ಮಾಡಬೇಕು ಅನ್ನಿಸಿದಾಗ ತಕ್ಷಣ ಹೋಗಿ ಒಂದು ಗಳಿಗೆ ಮಲಗಿಬಿಡಬೇಕು. ಎದ್ದು ಮುಖ ತೊಳೆಯುವಷ್ಟರಲ್ಲಿ ಆ ಆಸೆ ಸಾಮಾನ್ಯವಾಗಿ ಹೋಗಿರುತ್ತದೆ. ಹೋಗದಿದ್ದರೆ ಚಹಾ ಕುಡಿಯಬೇಕು. ಅದಕ್ಕೂ ಹೋಗದಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಉಪಕಾರ ಮಾಡಬೇಕು. ಈ ಜ್ಞಾನ ನನಗೆ ತಡವಾಗಿ ಬಂತು. ಬಳ್ಳಾರಿಯ ಬಿಸಿಲಿನಲ್ಲಿ ಮಧ್ಯಾಹ್ನ ಮಲಗುವುದು ಕಷ್ಟದ ಕೆಲಸವೇನಲ್ಲ, ಇಡೀ ಓಣಿಯೇ ಮಲಗಿರುತ್ತದೆ. ಆದರೆ ಆ ಭಾನುವಾರ ನಾನು ಎದ್ದು ಕೂತಿದ್ದೆ. ಎದುರಿಗೆ ನನ್ನ ಹೆಂಡತಿ ವಿಜಿ ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ತವರುಮನೆಯ ಸುದ್ದಿ ಹೇಳುತ್ತಿದ್ದಳು.

"ಅವ್ವ ಈ ಸಲ ಹಾಡಂಗಿಲ್ಲಂತ್ರಿ," ಅಂದಳು. "ನನ್ನ ತಂಗಿ ಮಗನ, ಸ್ವಂತ ಮೊಮ್ಮಗನ ತೊಟ್ಟಿಲಕ್ಕೂ ಹಾಡಂಗಿಲ್ಲಂತ."

ಇದು ಸಣ್ಣ ಸುದ್ದಿಯಲ್ಲ. ನನ್ನ ಅತ್ತೆ ಈರಮ್ಮನವರು ಕುರುಗೋಡಿನಲ್ಲಿ ತಮ್ಮ ಓಣಿಯ ಪ್ರತಿ ಕೂಸಿಗೂ ತೊಟ್ಟಿಲ ಹಾಡು ಹಾಡಿದವರು. ಆ ಹಾಡಿನ ರಚನೆಯೇ ವಿಚಿತ್ರ. ಒಂದೊಂದು ನುಡಿಯಲ್ಲಿ ಕೂಸಿನ ಒಬ್ಬೊಬ್ಬ ಬಂಧುವಿನ ಹೆಸರು ಬರುತ್ತದೆ. ಮೊದಲು ಮನೆಯವರದು, ಆಮೇಲೆ ಬೀಗರದು. ಎಲ್ಲರ ಹೆಸರೂ ಬರುವವರೆಗೆ ಹಾಡು ಮುಗಿಯುವಂತಿಲ್ಲ. ಯಾರದಾದರೂ ಹೆಸರು ಬಿಟ್ಟುಹೋದರೆ ಅವರು ಊಟಕ್ಕೆ ಕೂಡುವುದಿಲ್ಲ. ಹಾಡು ಉದ್ದವಾದಂತೆ ಅತ್ತೆಯವರ ದನಿ ತಾನಾಗಿಯೇ ಮೇಲಕ್ಕೆ ಸರಿಯುತ್ತಿತ್ತು. ಶುರು ಮಾಡಿದ ಶ್ರುತಿ ಒಂದು, ಮುಗಿಸುವ ಶ್ರುತಿ ಇನ್ನೊಂದು. ಹಿಂದಿನಿಂದ ದನಿಗೂಡಿಸಿ ಸೊಲ್ಲು ಹಿಡಿಯುವ ಹೆಂಗಸರು ಅಷ್ಟು ಎತ್ತರಕ್ಕೆ ಹೋಗಲಾರದೆ ಒಬ್ಬೊಬ್ಬರಾಗಿ ಕೈಬಿಡುತ್ತಿದ್ದರು. ಕೆಲವು ತಿಂಗಳ ಹಿಂದೆ ಪಕ್ಕದ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಹೀಗೇ ಆಗಿ, ಹುಡುಗಿಯರು ಕಿಸಕ್ಕನೆ ನಕ್ಕು, ಯಾರೋ ಬ್ಲೂಟೂತ್ ಸ್ಪೀಕರ್ ಹಚ್ಚಿ ಸಿನಿಮಾ ಹಾಡು ಹಾಕಿಬಿಟ್ಟಿದ್ದರು. ಮನೆಗೆ ಬಂದ ಅತ್ತೆ ಅಂದಿನಿಂದ ಅಕ್ಕಿ ಹಸನು ಮಾಡುವಾಗಲೂ ಗುನುಗುವುದನ್ನು ನಿಲ್ಲಿಸಿದ್ದರು.

"ಈಗ ಸಿರುಗುಪ್ಪದ ಬೀಗರು ಬರ್ತಾರ," ಎಂದಳು ವಿಜಿ. "ಕೂಸಿನ ಚಿಕ್ಕಪ್ಪ ಅಷ್ಟೆತ್ತರದ ಸ್ಪೀಕರ್ ತರ್ತಾನಂತ. ಇನ್ನ ಅವ್ವನ್ನ ಹಾಡಂತ ಯಾರು ಕರೀತಾರ ಹೇಳ್ರಿ."

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಹಗಲು ನಾನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಯಾವ ಆರ್ಡರು ಯಾವಾಗ ಹೊರಡಬೇಕು ಎಂದು ನೋಡಿಕೊಳ್ಳುವವನು. ಸಾಯಂಕಾಲ ಸಂಗೀತ ನಿರ್ದೇಶಕ. ಈ ಎರಡನೆಯ ಹುದ್ದೆಗೆ ನನ್ನನ್ನು ನೇಮಿಸಿದವನು ನಾನೇ. ಮಲಗುವ ಕೋಣೆಯ ಅರ್ಧ ಭಾಗದಲ್ಲಿ ಒಂದು ಕೀಬೋರ್ಡು, ಒಂದು ಲ್ಯಾಪ್‌ಟಾಪು, ಒಂದು ಸೌಂಡ್ ಬಾಕ್ಸು ಇಟ್ಟುಕೊಂಡು ಮದುವೆ ಆಮಂತ್ರಣದ ವಿಡಿಯೋಗಳಿಗೆ, ಆಟೋದಲ್ಲಿ ಮೈಕು ಕಟ್ಟಿ ಸುತ್ತುವ ಸೀರೆ ಅಂಗಡಿಯ ಪ್ರಚಾರಕ್ಕೆ ಹಿನ್ನೆಲೆ ಸಂಗೀತ ಮಾಡಿಕೊಡುತ್ತೇನೆ. ನಮ್ಮ ಊರಿನ ಯಾವುದೋ ಚೌಕದಲ್ಲಿ ಸೀರೆಯ ಹೆಸರು ಕೇಳುವಾಗ ಹಿಂದೆ ಶಹನಾಯಿ ಅತ್ತಂತೆ ಕೇಳಿದರೆ ಅದು ನನ್ನ ಕೃತಿ.

ಶಹನಾಯಿ ಅಳಬೇಕಾದರೆ ಪಿಚ್ ಬೆಂಡ್ ಬೇಕು. ಕೀಬೋರ್ಡಿನ ಕಪ್ಪು ಬಿಳಿ ಮನೆಗಳು ಹಟಮಾರಿಗಳು, ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಅವಕ್ಕೆ ಏನೂ ಇಲ್ಲ. ನಮ್ಮ ಹಾಡುಗಳೋ ಆ ನಡುವಿನ ಜಾಗದಲ್ಲೇ ಸಂಸಾರ ಮಾಡುವಂಥವು. ಅದಕ್ಕಾಗಿ ಕೀಬೋರ್ಡಿನ ಎಡಗಡೆ ಒಂದು ಸಣ್ಣ ಗಾಲಿ ಇರುತ್ತದೆ. ಮುಂದಕ್ಕೆ ತಳ್ಳಿದರೆ ಸ್ವರ ಮೇಲಕ್ಕೆ ಜಾರುತ್ತದೆ, ಹಿಂದಕ್ಕೆ ಎಳೆದರೆ ಕೆಳಕ್ಕೆ. ಕೀಬೋರ್ಡು ಇದನ್ನೆಲ್ಲ ಲ್ಯಾಪ್‌ಟಾಪಿಗೆ ಸದ್ದಿನ ರೂಪದಲ್ಲಿ ಕಳಿಸುವುದಿಲ್ಲ, ಮಿಡಿ ಎಂಬ ಭಾಷೆಯಲ್ಲಿ ಬರೀ ಅಪ್ಪಣೆಗಳಾಗಿ ಕಳಿಸುತ್ತದೆ: ಈ ಸ್ವರ ಹಿಡಿ, ಇಷ್ಟು ಬಾಗಿಸು, ಈಗ ಬಿಡು. ನಡುವೆ ನಾವು ಸ್ಕ್ರಿಪ್ಟ್ ಎಂಬ ನಾಲ್ಕು ಸಾಲಿನ ಪ್ರೋಗ್ರಾಮು ಬರೆದು ಕೂಡಿಸಿದರೆ ಅದು ಅಪ್ಪಣೆಗಳನ್ನು ತಿದ್ದಿ ಕಳಿಸುತ್ತದೆ. ಎಲ್ಲ ಸಂಸಾರಗಳಲ್ಲೂ ಹೇಳಿದ ಮಾತು ಒಂದು, ತಲುಪುವ ಮಾತು ಇನ್ನೊಂದು ಆಗುತ್ತದಲ್ಲ, ಹಾಗೆಯೇ. ಇಲ್ಲಿ ಮಾತ್ರ ಅದನ್ನು ಬೇಕೆಂದೇ ಮಾಡುತ್ತೇವೆ.

ನನ್ನ ತಲೆಯಲ್ಲಿ ದೀಪ ಹತ್ತಿತು. ಅತ್ತೆಯವರ ದನಿ ಮೇಲಕ್ಕೆ ಸರಿದಂತೆ ಕೀಬೋರ್ಡೂ ಅಷ್ಟಷ್ಟೇ ಬಾಗಿ ಮೇಲಕ್ಕೆ ಸರಿದರೆ? ಹಿಂದೆ ಒಂದು ಆಸರೆಯ ಸ್ವರ ಇದ್ದರೆ ಸೊಲ್ಲು ಹಿಡಿಯುವವರು ಕೈಬಿಡುವುದಿಲ್ಲ, ನಗುವವರಿಗೆ ಜಾಗವೇ ಇರುವುದಿಲ್ಲ. "ನಿಮ್ಮ ಅವ್ವಗ ಹೇಳು, ನಾ ಬಾರಸ್ತೀನಿ ಅಂತ," ಎಂದೆ ವಿಜಿಗೆ. ಆಕೆ ಸೊಪ್ಪು ಕೆಳಗಿಟ್ಟು ನನ್ನನ್ನೇ ನೋಡಿದಳು. ಅದು ಮೆಚ್ಚುಗೆಯ ನೋಟ ಎಂದು ನಾನು ತಿಳಿದೆ.

ಅತ್ತೆ ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಅವರು ಹಳೆಯ ಕಾಲದ ಅತ್ತೆ, ಅಳಿಯನ ಮಾತಿಗೆ ಎದುರಾಡುವುದಿರಲಿ, ಅಳಿಯನ ಜೊತೆ ಮಾತೇ ಆಡುವುದಿಲ್ಲ. ನಾನು ಎರಡು ಮಾರು ದೂರದಲ್ಲಿ ಕೂತಿದ್ದರೂ ಸೆರಗು ಸರಿಮಾಡಿಕೊಂಡು ಮಗಳಿಗೆ, "ಅವರಿಗಿ ಇನ್ನೊಂದು ರೊಟ್ಟಿ ಬೇಕೇನ ಕೇಳವ್ವ," ಎನ್ನುತ್ತಾರೆ. ನಾನೂ ಗೌರವಕ್ಕೆ ಕಡಿಮೆಯಿಲ್ಲದಂತೆ, "ಸಾಕಂತ ಹೇಳು," ಎನ್ನುತ್ತೇನೆ. ಮದುವೆಯಾದ ಇಷ್ಟು ವರ್ಷ ನಾವಿಬ್ಬರೂ ವಿಜಿಯ ಮೂಲಕವೇ ಸುಖವಾಗಿ ಮಾತಾಡಿಕೊಂಡಿದ್ದೇವೆ.

ನಮ್ಮ ಮಗಳ ತೊಟ್ಟಿಲಲ್ಲಿ ಅತ್ತೆ ಹಾಡಿದ್ದು ಫೋನಿನಲ್ಲಿ ರೆಕಾರ್ಡಾಗಿತ್ತು. ಅದನ್ನು ಹಾಕಿಕೊಂಡು ಸ್ಕ್ರಿಪ್ಟ್ ಬರೆದೆ. ಮೈಕಿನಿಂದ ದನಿ ಬರಬೇಕು, ಅದರ ಎತ್ತರವನ್ನು ಲ್ಯಾಪ್‌ಟಾಪು ಅಳೆಯಬೇಕು, ಕೂಡಲೇ ಅಷ್ಟು ಪಿಚ್ ಬೆಂಡ್ ಕೀಬೋರ್ಡಿನ ಸ್ವರಕ್ಕೆ ಸೇರಬೇಕು. ಲ್ಯಾಪ್‌ಟಾಪು ಸ್ವಲ್ಪ ಮುದಿಯಾದ್ದರಿಂದ ಅಳೆಯುವುದು ಚೂರು ತಡವಾಗುತ್ತಿತ್ತು. ಅದಕ್ಕೆ ನಾನು ಜಾಣತನ ಮಾಡಿ, ಅತ್ತೆ ಇರುವುದಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆ ಹೋಗಿ ಕಾಯುತ್ತಿರು ಎಂದು ಸ್ಕ್ರಿಪ್ಟಿಗೆ ಹೇಳಿದೆ. ಇನ್ನೊಂದು ಜಾಣತನವನ್ನೂ ಮಾಡಿದೆ. ಮಾಮೂಲಿಗೆ ಪಿಚ್ ಬೆಂಡ್ ಒಂದೆರಡು ಮನೆಗಳಷ್ಟು ಜಾರಿ ನಿಲ್ಲುತ್ತದೆ. ನಾನು ಆ ಮಿತಿಯನ್ನು ತೆಗೆದು ಇಡೀ ಒಂದು ಸಪ್ತಕಕ್ಕೆ ಬಾಗಿಲು ತೆರೆದಿಟ್ಟೆ. ರೆಕಾರ್ಡಿನ ಜೊತೆ ಬಾರಿಸಿ ನೋಡಿದರೆ, ಆಹಾ, ಒಂದಕ್ಕೊಂದು ಅಂಟಿಕೊಂಡು ಹೋಗುತ್ತಿದ್ದವು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ಅತ್ತೆಯವರ ಜೊತೆ ಒಮ್ಮೆ ನಿಜವಾಗಿ ಬಾರಿಸಿ ನೋಡಬೇಕೆಂದು ವಿಜಿಯ ಮೂಲಕ ಕೇಳಿಸಿದೆ. "ಕೂಸಿಲ್ಲದ ತೊಟ್ಟಿಲ ತೂಗಬಾರದು, ಹಾಡೂ ಹಾಡಬಾರದಂತ," ಎಂದು ಉತ್ತರ ಬಂತು. ಅದೂ ಸರಿಯೇ ಎಂದು ಬಿಟ್ಟೆ.

ತೊಟ್ಟಿಲ ದಿನ ಕುರುಗೋಡಿನ ಮನೆ ತುಂಬಿತ್ತು. ಸಿರುಗುಪ್ಪದಿಂದ ಬೀಗರು ಒಂದು ಗಾಡಿ ತುಂಬ ಬಂದಿದ್ದರು, ಅಕ್ಕಿ ಮಿಲ್ಲಿನವರು, ಮಾತಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಕೂಸಿನ ಅಪ್ಪನ ತಾಯಿ ರುದ್ರಮ್ಮನವರು ನಡುಮನೆಯಲ್ಲಿ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು. ಕೂಸಿನ ಚಿಕ್ಕಪ್ಪ ಸ್ಪೀಕರನ್ನು ಕಿಟಕಿಯಲ್ಲಿ ಸಿದ್ಧವಾಗಿಟ್ಟು, ಫೋನು ಕೈಯಲ್ಲಿ ಹಿಡಿದು ಅದರ ಪಕ್ಕವೇ ನಿಂತ. ನಾನು ಮೂಲೆಯಲ್ಲಿ ಕೀಬೋರ್ಡು ಹೂಡಿದೆ. ಸೌಂಡ್ ಬಾಕ್ಸನ್ನು ತೊಟ್ಟಿಲ ಹತ್ತಿರ ಅತ್ತೆಯವರ ಪಕ್ಕಕ್ಕೇ ಇಟ್ಟು, ಅವರ ಸೆರಗಿಗೆ ಸಣ್ಣ ಮೈಕು ಸಿಕ್ಕಿಸುವಂತೆ ವಿಜಿಗೆ ಹೇಳಿ, ನನ್ನ ಕಿವಿಗೆ ಲ್ಯಾಪ್‌ಟಾಪಿನ ಹೆಡ್‌ಫೋನು ಏರಿಸಿದೆ. ಅತ್ತೆಯವರ ದನಿಯೂ ನನ್ನ ಸ್ವರವೂ ಅದರಲ್ಲಿ ಬರುತ್ತಿದ್ದವು.

ಮೊದಲ ನುಡಿ ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ಶ್ರುತಿ ಸ್ವಲ್ಪ ಬೇಗನೆ ಏರಿತು. ಮೂರನೆಯದರಲ್ಲಿ ಏರುತ್ತಿಲ್ಲ, ಹಾರುತ್ತಿದೆ ಎಂದು ಗೊತ್ತಾಯಿತು. ಆಗಿದ್ದೇನೆಂದರೆ, ರೆಕಾರ್ಡಿನಲ್ಲಿದ್ದ ಅತ್ತೆ ಕೀಬೋರ್ಡಿನ ಮಾತು ಕೇಳುತ್ತಿರಲಿಲ್ಲ. ಈ ಅತ್ತೆ ಕೇಳುತ್ತಿದ್ದರು! ಕೀಬೋರ್ಡು ಕೂದಲೆಳೆ ಮೇಲೆ ನಿಂತು ಅವರಿಗಾಗಿ ಕಾಯುತ್ತಿತ್ತು. ಅಳಿಯಂದಿರು ಮೇಲಕ್ಕೆ ಕರೆಯುತ್ತಿದ್ದಾರೆ, ಹೋಗದಿದ್ದರೆ ಮರ್ಯಾದೆಯಲ್ಲ ಎಂದು ಅತ್ತೆ ಅಲ್ಲಿಗೆ ಹೋಗುತ್ತಿದ್ದರು. ಅವರು ಹೋದ ಕೂಡಲೇ ಕೀಬೋರ್ಡು ಇನ್ನೊಂದು ಕೂದಲೆಳೆ ಮೇಲಕ್ಕೆ. ಬಾಗಿಲಲ್ಲಿ ನಿಂತು "ನೀವು ಮೊದಲು ನಡೀರಿ" ಎಂದು ಒಬ್ಬರನ್ನೊಬ್ಬರು ಒತ್ತಾಯಿಸುವ ಬೀಗರ ಹಾಗೆ ನಾವಿಬ್ಬರೂ ಮೇಲಕ್ಕೆ ಹೊರಟಿದ್ದೆವು. ತಡೆಯಬೇಕಾದ ಮಿತಿಯನ್ನು ನಾನೇ ಕಿತ್ತುಹಾಕಿದ್ದೆ.

ಸೊಲ್ಲು ಹಿಡಿದಿದ್ದ ಹೆಂಗಸರು ಕೈಬಿಟ್ಟರು. ಯಾರೋ ಹುಡುಗಿ ಕಿಸಕ್ಕೆಂದಳು. ಅತ್ತೆಯವರ ಕೊರಳಿನ ನರ ಉಬ್ಬಿತ್ತು. ಬೀಗರ ಹೆಸರು ಶುರುವಾಗಬೇಕಾದದ್ದು ಸರಿಯಾಗಿ ಅಲ್ಲಿಂದಲೇ. ಈಗ ಹಾಡು ನಿಂತರೆ ರುದ್ರಮ್ಮನವರ ಹೆಸರು ಬರುವುದಿಲ್ಲ, ಅವರು ಊಟಕ್ಕೆ ಏಳುವುದಿಲ್ಲ, ಕೂಸಿನ ತಾಯಿ, ನನ್ನ ನಾದಿನಿ, ಆ ಮನೆಯಲ್ಲಿ ಬಾಳಬೇಕು. ಮತ್ತು ಅತ್ತೆ ಇನ್ನೆಂದೂ ಬಾಯಿ ತೆರೆಯುವುದಿಲ್ಲ. ಕಿಟಕಿಯ ಹತ್ತಿರ ಚಿಕ್ಕಪ್ಪ ಫೋನಿನ ಮೇಲೆ ಬೆರಳಿಟ್ಟ. ನಾನು ಸ್ಕ್ರಿಪ್ಟ್ ನಿಲ್ಲಿಸಲು ಹೋಗಿ ಗಾಬರಿಯಲ್ಲಿ ಪರದೆಯ ಬೆಳಕು ಜಾಸ್ತಿ ಮಾಡಿದೆ.

ಅಷ್ಟರಲ್ಲಿ ಅತ್ತೆ ಹಾಡು ನಿಲ್ಲಿಸಿ ಕೆಮ್ಮಿದರು. ಬಗ್ಗಿ ಕೂಸಿನ ಹೊದಿಕೆ ಸರಿಮಾಡಿದರು, ಒಂದು ಗುಟುಕು ನೀರು ಕುಡಿದರು. ಆಮೇಲೆ ರುದ್ರಮ್ಮನವರ ಹೆಸರನ್ನು ಕೆಳಗಿನ ಶ್ರುತಿಯಿಂದ, ತಂಪಾಗಿ, ಎತ್ತಿಕೊಂಡರು. ನನ್ನ ಸ್ಕ್ರಿಪ್ಟ್ ನಿಯತ್ತಾಗಿ ಅವರ ಹಿಂದೆಯೇ ಇಳಿದು ಬಂತು. ಅಲ್ಲಿಂದ ಮುಂದೆ ಏನು ಹೇಳಲಿ! ಅವರು ಎಳೆದಲ್ಲಿ ನನ್ನ ಸ್ವರ ಎಳೆಯಿತು, ಅವರು ಜಾರಿದಲ್ಲಿ ಜಾರಿತು. ತಮ್ಮ ರೂಢಿಯಂತೆ ಅವರು ನಿಧಾನವಾಗಿ ಮೇಲಕ್ಕೆ ಸರಿದರು, ಕೀಬೋರ್ಡೂ ಅಷ್ಟೇ ನಿಧಾನವಾಗಿ ಸರಿಯಿತು. ಹೆಂಗಸರು ಒಬ್ಬೊಬ್ಬರಾಗಿ ಮತ್ತೆ ಸೊಲ್ಲು ಹಿಡಿದರು. ಬೀಗರ ಕಡೆಯ ಕೊನೆಯ ಸೋದರತ್ತೆಯವರೆಗೆ ಎಲ್ಲರ ಹೆಸರೂ ಬಂತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ರುದ್ರಮ್ಮನವರು ಕುರ್ಚಿಯಿಂದೆದ್ದು ಅತ್ತೆಯವರ ಕೈ ಹಿಡಿದರು. "ಚಾಲಾ ಬಾಗುಂದಿ ಈರಮ್ಮ, ಭಾಳ ಚಂದಾತು! ನನ್ನ ಹೆಸರು ಇಷ್ಟು ಚಂದ ಐತಂತ ನನಗ ಇವತ್ತೇ ಗೊತ್ತಾತು ನೋಡ್ರಿ. ಮುಂದಿನ ತಿಂಗಳು ನಮ್ಮ ಮೈದುನನ ಮೊಮ್ಮಗಳ ತೊಟ್ಟಿಲ ಐತಿ, ಸಿರುಗುಪ್ಪಕ್ಕ ನೀವೇ ಬಂದು ಹಾಡಬೇಕು." ಎಂದವರು ನನ್ನ ಕಡೆ ತಿರುಗಿ, "ನೀವೂ ಬರ್ರಿ, ನಿಮ್ಮ ಪೆಟ್ಟಿಗಿ ತಗಂಡು," ಎಂದರು. ಚಿಕ್ಕಪ್ಪನ ಸ್ಪೀಕರು ಕಿಟಕಿಯಲ್ಲೇ ಉಳಿಯಿತು. ನಾನು ಹೋಳಿಗೆ ಊಟದಲ್ಲಿ ಎಡಬಲದವರಿಗೆ ಪಿಚ್ ಬೆಂಡ್ ಎಂದರೇನು ಎಂದು ತಿಳಿಸಿ ಹೇಳಿದೆ. ಅವರು ಪಾಯಸ ಬಡಿಸುವವನನ್ನು ಕೂಗಿದರು.

ಊಟವಾದ ಮೇಲೆ ಸಾಮಾನು ಕಟ್ಟಲು ಹೋದೆ. ಸೌಂಡ್ ಬಾಕ್ಸಿನಲ್ಲಿ ಸದ್ದು ಏರಿಸಿ ಇಳಿಸುವ ದೊಡ್ಡ ಗುಂಡಿ ಸೊನ್ನೆಯಲ್ಲಿತ್ತು.

"ವಿಜೀ, ಇದನ್ನ ನೀ ತಿರುವಿದ್ಯಾ?"

"ನಾ ಯಾಕ ತಿರುವಲಿ? ಅವ್ವ. ಕೂಸಿನ ಹೊದಿಕಿ ಸರಿ ಮಾಡಿದ್ಲಲ್ಲ, ಆವಾಗ."

ಅಂದರೆ ರುದ್ರಮ್ಮನವರ ಹೆಸರಿನಿಂದ ಹಿಡಿದು ಕೊನೆಯ ಸೋದರತ್ತೆಯವರೆಗೆ ನನ್ನ ಜೀವಮಾನದ ಅತ್ಯುತ್ತಮ ವಾದನವನ್ನು ಈ ಲೋಕದಲ್ಲಿ ನಾನೊಬ್ಬನೇ ಕೇಳಿದ್ದೆ. ಕೀಬೋರ್ಡು ಕೇಳಿಸದೇ ಹೋದ ಮೇಲೆ ಅತ್ತೆ ಅದರ ಹಿಂದೆ ಹೋಗುವುದನ್ನು ಬಿಟ್ಟು ತಮ್ಮ ದಾರಿ ಹಿಡಿದಿದ್ದರು, ನನ್ನ ಸ್ಕ್ರಿಪ್ಟ್ ಬೇಡುತ್ತಿದ್ದದ್ದೂ ಅದನ್ನೇ. ಲೆಕ್ಕದಲ್ಲಿ ಅದು ಒಂದು ಚೂರೂ ತಪ್ಪಿರಲಿಲ್ಲ. ಅತ್ತೆಗೆ ಕೇಳಿಸಬಾರದು, ಅಷ್ಟೇ. ಬಾಕ್ಸು ಅವರ ಪಕ್ಕದಲ್ಲೇ ಇದ್ದಮೇಲೆ ಯಾರಿಗೂ ಕೇಳಿಸಬಾರದು.

ನಾನು ಪೆಚ್ಚಾಗಿ ನಿಂತದ್ದನ್ನು ಬಾಗಿಲಿನಿಂದ ಅತ್ತೆ ನೋಡಿದರು. ಸೆರಗು ಸರಿಮಾಡಿಕೊಂಡು ಮಗಳಿಗೆ ಹೇಳಿದರು: "ಅವರಿಗಿ ಹೇಳವ್ವ, ಸಿರುಗುಪ್ಪಕ್ಕ ತಪ್ಪದ ಬರಬೇಕಂತ. ಅವರು ಎದುರಿಗಿ ಕುಂತು ಬಾರಿಸಿದ್ರ ನನಗ ಭಾಳ ಧೈರ್ಯ ಬರ್ತೈತಿ. ಆ ಸದ್ದಿನ ಡಬ್ಬಿ ಒಂದು ಇಲ್ಲೇ ಇರಲಿ, ಪಾಪ, ಅಷ್ಟು ಭಾರ ಹೊತ್ತು ಅವರ ಟೊಂಕಕ್ಕ ಯಾಕ ತ್ರಾಸು."

"ಆಗಲಂತ ಹೇಳು," ಎಂದೆ.

ಹೋದ ವಾರ ಸಿರುಗುಪ್ಪಕ್ಕೆ ಹೋಗಿ ಬಂದೆವು. ಅತ್ತೆ ತುಂಬು ಮನೆಯ ಎದುರು ಎಲ್ಲ ನುಡಿಗಳನ್ನೂ ಹಾಡಿದರು. ನಾನು ಹೆಡ್‌ಫೋನು ಏರಿಸಿ, ತಲೆದೂಗುತ್ತ, ಎಲ್ಲ ನುಡಿಗಳನ್ನೂ ಬಾರಿಸಿದೆ. ಮುಗಿದ ಮೇಲೆ ಬೀಗರ ಕಡೆಯ ಹಿರಿಯರೊಬ್ಬರು ಹತ್ತಿರ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಭಾಳ ಮಂದಿ ಬಾರಿಸಿದ್ದು ಕೇಳೀನಿ ತಮ್ಮಾ," ಎಂದರು. "ಹಾಡಿಗೆ ಒಂದೀಟೂ ಅಡ್ಡ ಬರದಂಗ ಬಾರಿಸಾವ ನೀ ಒಬ್ಬನೇ."

ನಾನು ವಿನಯದಿಂದ ಕೈ ಮುಗಿದೆ. ಹಿಂದೆ ವಿಜಿ ಕೆಮ್ಮಿದಳು.