ಮಾವನ ಬ್ಯಾಟು, ಅತ್ತೆಯ ಚಪ್ಪಲಿ

ಹೆಂಡತಿಯ ಚಪ್ಪಲಿ ಕದ್ದು ಟೇಬಲ್ ಟೆನಿಸ್ ಗೆಲ್ಲಲು ಹೊರಟ ಗಂಡಸು ಈ ಭೂಮಿಯ ಮೇಲೆ ನಮ್ಮ ಸೋದರಮಾವ ಒಬ್ಬನೇ. ಬೇಕಿದ್ದರೆ ಆಣೆ ಮಾಡುತ್ತೇನೆ!

ಎಪ್ಪತ್ತರ ದಶಕದ ಮಾತು. ಕುರುಗೋಡಿನ ಈ ಮಾವ ಬ್ಯಾಟನ್ನು ಪೆನ್ನು ಹಿಡಿದಂತೆ ಹಿಡಿಯುತ್ತಿದ್ದ. ಅಂಥ ಬ್ಯಾಟಿಗೆ ಒಂದೇ ಬದಿ ರಬ್ಬರು. ಹಿಂಬದಿ ಬೋಳು ಹಲಗೆ, ಬೆರಳಿಡುವ ಜಾಗ. ಬಲಕ್ಕೆ ಬಂದ ಚೆಂಡಿಗೆ ಮಾವ ಹುಲಿ. ಎಡಕ್ಕೆ ಬಂತೋ, ಮೈಯೆಲ್ಲ ತಿರುಚಿಕೊಂಡು ಒದ್ದಾಟ! ಬಳ್ಳಾರಿಯ ವಕೀಲರೊಬ್ಬರು ಇದನ್ನು ಬಲ್ಲವರು. ಪ್ರತಿ ಬೇಸಿಗೆಯ ಪಂದ್ಯದಲ್ಲೂ ಎಡಕ್ಕೇ ಹೊಡೆದು ಮಾವನನ್ನು ಮನೆಗೆ ಕಳಿಸುತ್ತಿದ್ದರು.

“ಈ ಸಲ ಸೋತ್ರ ಬ್ಯಾಟು ನೀರೊಲಿಗೆ. ಮತ್ತ ಜನ್ಮದಾಗ ಆಡಂಗಿಲ್ಲ!” ಎಂದು ಮಾವ ಒಂದು ದಿನ ಊಟದ ನಡುವೆ ಘೋಷಿಸಿದ.

“ಚಲೋ ಆತು, ನೀರು ಲಗೂನ ಕಾಯ್ತಾವು,” ಎಂದಳು ಅತ್ತೆ.

ಅಂದಿನಿಂದ ಹಿಂಬದಿಗೂ ರಬ್ಬರು ಹಚ್ಚುವ ಹುಚ್ಚು. ಸೈಕಲ್ ಟ್ಯೂಬು ಹಚ್ಚಿದ. ಚೆಂಡು ಪುಟಿಯಲೇ ಇಲ್ಲ. ಆಮೇಲೆ ಕಣ್ಣು ಬಿದ್ದದ್ದು, ಅತ್ತೆ ಸಿರುಗುಪ್ಪದ ತವರಿನಿಂದ ತಂದಿದ್ದ ಹೊಸ ಹವಾಯಿ ಚಪ್ಪಲಿಯ ಮೇಲೆ! ಒಂದನ್ನು ತೆಳ್ಳಗೆ ಸೀಳಿ ಪಂಕ್ಚರ್ ಸಲ್ಯೂಷನ್ನಿನಿಂದ ಅಂಟಿಸಿದ. ಬ್ಯಾಟು ಭಾರವಾಯಿತೆಂದು ಹಿಡಿಯನ್ನೇ ಅರ ಹಾಕಿ ಉಜ್ಜಿ ಸವೆಸಿದ.

“ನನ್ನ ಚಪ್ಲಿ ಎಲ್ಲಿರಿ?”

“ಅಲ್ಲೇ ಒಂದು ಐತಲ್ಲ.”

“ನನಗ ಕಾಲು ಎರಡು ಅದಾವು!”

ಉಳಿದ ಒಂಟಿ ಚಪ್ಪಲಿಯನ್ನು ತವರಿನವರಿಗೆ ತೋರಿಸುವ ಸಾಕ್ಷಿಯೆಂದು ಅತ್ತೆ ಟ್ರಂಕಿನಲ್ಲಿಟ್ಟಳು.

ಪಂದ್ಯದ ದಿನ ನಾನೂ ಅತ್ತೆಯೂ ಮಾವನ ಜೊತೆ ಬಳ್ಳಾರಿಗೆ ಹೋದೆವು. ಅಂಪೈರು ಬ್ಯಾಟು ತಿರುವಿ ನೋಡಿ, ಒಮ್ಮೆ ಮೂಸಿಯೂ ನೋಡಿ, “ಇದೇನ್ರಿ, ಚಪ್ಪಲಿ ಇದ್ದಂಗ ಐತಿ?” ಎಂದರು.

ವಕೀಲರು ಕೆಂಪಾದರು. “ನನಗ ಚಪ್ಪಲಿಲೆ ಹೊಡಿಯಾಕ ಬಂದೀರೇನು?”

“ನಿಮಗಲ್ರಿ, ಚೆಂಡಿಗೆ!” ಎಂದ ಮಾವ. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ವಕೀಲರೂ ನಕ್ಕು ಒಪ್ಪಿಕೊಂಡರು.

ಎಡಕ್ಕೆ ಬಂದ ಚೆಂಡನ್ನೆಲ್ಲ ಮಾವ ಹಿಂಬದಿಯಿಂದಲೇ ಬಾರಿಸತೊಡಗಿದ. ವಕೀಲರಿಗೆ ಬೆವರಿಳಿಯಿತು. ಕೊನೆಯ ಗೇಮಿನಲ್ಲಿ ಇನ್ನೊಂದು ಪಾಯಿಂಟು ಸಿಕ್ಕರೆ ಮಾವನದೇ ಗೆಲುವು. ಆದರೆ ಬಳ್ಳಾರಿಯ ಬಿಸಿಲು ಸಲ್ಯೂಷನ್ನನ್ನು ಸುಮ್ಮನೆ ಬಿಟ್ಟೀತೇ? ಮಾವ ಜೋರಾಗಿ ಬೀಸಿದ. ಚೆಂಡು ನೆಟ್ಟಿಗೆ, ಚಪ್ಪಲಿ ಅಂಪೈರರ ಮಡಿಲಿಗೆ! ಬೋಳು ಹಲಗೆಯಲ್ಲಿ ಆಡಿ ಮಾವ ಸೋತ. ಜನ ಚಪ್ಪಾಳೆ ತಟ್ಟಿ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಬ್ಯಾಟು ಹಿಡಿದು ನೀರೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬ್ಯಾಟನ್ನು ಉರಿಯ ಹತ್ತಿರ ಒಯ್ಯುತ್ತಿದ್ದ, ಮತ್ತೆ ಹಿಂದಕ್ಕೆ ತರುತ್ತಿದ್ದ. ಅತ್ತೆ ಬಂದಳು. ಬ್ಯಾಟನ್ನು ಅವನ ಕೈಯಿಂದ ಕಸಿದುಕೊಂಡು, ಟ್ರಂಕಿನಲ್ಲಿದ್ದ ಆ ಒಂಟಿ ಚಪ್ಪಲಿಯನ್ನು ಅವನ ಮುಂದಿಟ್ಟಳು.

“ಇದನ್ನ ಕೊಯ್ಯಿರಿ. ಈ ಸಲ ಸಲ್ಯೂಷನ್ ಚಲೋತ್ನಾಗ ಒಣಗಿಸಿ ಅಂಟಸ್ರಿ.”