ಒಂದು ‘ಲಾ’ಗೆ ಕೆಂಪು ಕಾರ್ಡು

ನನ್ನ ಮೈದುನನನ್ನು ಫುಟ್‌ಬಾಲಿನಿಂದ ಸಸ್ಪೆಂಡ್ ಮಾಡಿದ್ದು ಒಂದೇ ಒಂದು ಅಕ್ಷರಕ್ಕೆ. ಹೊಡೆದಾಡಿದ್ದಕ್ಕಲ್ಲ, ಕುಡಿದು ಬಂದದ್ದಕ್ಕಲ್ಲ, ಯಾರ ಕಾಲನ್ನೂ ಮುರಿದದ್ದಕ್ಕಲ್ಲ. ಒಂದು ‘ಲಾ’ಗೆ. ಮಂಡ್ಯ ಜಿಲ್ಲೆಯಲ್ಲಿ ‘ಲಾ’ ಅಂದವರನ್ನೆಲ್ಲ ಸಸ್ಪೆಂಡ್ ಮಾಡುತ್ತ ಹೋದರೆ ಬಸ್ಸು ಓಡಿಸಲಿಕ್ಕೆ, ಕಬ್ಬು ಕಡಿಯಲಿಕ್ಕೆ, ಮದುವೆಮನೆಯಲ್ಲಿ ಬಡಿಸಲಿಕ್ಕೆ ಯಾರು ಉಳಿಯುತ್ತಾರೆ, ನೀವೇ ಹೇಳಿ. ಆದರೂ ಮಾಡಿದರು. ಅವನೂ ಕಡಿಮೆಯವನಲ್ಲ. ಆ ಅಕ್ಷರಕ್ಕೆ ಮರ್ಯಾದೆ ಕೊಡುವ ದೇಶವೊಂದನ್ನು ಹುಡುಕಿಕೊಂಡು ಹೋಗಿ ಅಲ್ಲೇ ನೆಲೆಸಿದ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಾವು ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕಿಗೂ ‘ಎಕ್ಸ್‌ಕ್ಯೂಸ್ ಮಿ’ ಎಂದು ದಾರಿ ಕೇಳುತ್ತಿದ್ದೆವು. ಮದುವೆಯಾಗಿ ಮದ್ದೂರಿಗೆ ಬಂದ ಹೊಸತರಲ್ಲಿ ಬೀದಿಯಲ್ಲಿ ಇಬ್ಬರು ‘ಎಲ್ಗ್ಲಾ ಓಯ್ತಿದ್ದೀಯ?’ ‘ನಿಂಗ್ಯಾಕ್ಲಾ?’ ‘ನಿಂತ್ಕಳ್ಲಾ ಅಂದ್ರೆ!’ ಎಂದು ಕೂಗಾಡುವುದು ಕೇಳಿಸಿತು. ಕಿಟಕಿ ಮುಚ್ಚಿ, ಜಗಳ ನಡೆಯುತ್ತಿದೆ ಎಂದು ನಮ್ಮೆಜಮಾನರಿಗೆ ಹೇಳಿದೆ. ಅವರು ಇಣುಕಿ ನೋಡಿ, “ಅಣ್ಣ ತಮ್ಮ ಕಣೆ. ಅಣ್ಣ ತಮ್ಮನ್ನ ಊಟಕ್ಕೆ ಕರೀತಿದ್ದಾನೆ” ಎಂದರು.

ಅಂಥ ಊರಿನಲ್ಲಿ ನಮ್ಮ ಮಾವನವರು ಒಂದು ವಿಚಿತ್ರ. ಹೈಸ್ಕೂಲಿನ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಹುಟ್ಟಿದ್ದು ಕೆರಗೋಡಿನ ಕಡೆಯ ಗದ್ದೆಬಯಲಿನಲ್ಲೇ ಆದರೂ ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ತರಲೆ ಹುಡುಗರಿಗೂ ಅವರ ಶಿಕ್ಷೆ, “ದಯವಿಟ್ಟು ಬೆಂಚಿನ ಮೇಲೆ ನಿಂತುಕೊಳ್ಳಿ” ಎಂದು. ಅವರ ಹಳೆಯ ವಿದ್ಯಾರ್ಥಿಗಳು ಈಗಲೂ ಮದುವೆಮನೆಗಳಲ್ಲಿ ಸಿಕ್ಕಾಗ ನನಗೆ ಇದನ್ನೇ ಹೇಳುತ್ತಾರೆ: “ನಮ್ಮನ್ನ ಬಹುವಚನದಲ್ಲಿ ಕರೆದೋರು ಇಡೀ ಪರಪಂಚದಾಗೆ ಅವ್ರೊಬ್ರೇ ಕಣಮ್ಮ.” ಮನೆಯ ಹೋರಿಗರು ದಾಸವಾಳದ ಗಿಡಕ್ಕೆ ಬಾಯಿ ಹಾಕಿದರೆ ಮಾವನವರು, “ಹಾಗೆ ಮಾಡಬಾರದು, ಈಚೆ ಬನ್ನಿ” ಅನ್ನುತ್ತಿದ್ದರು. ಕರು ಬರುತ್ತಿರಲಿಲ್ಲ. ಅದಕ್ಕೆ ಅಷ್ಟು ಕನ್ನಡ ಬಾರದು. ಮೈದುನ ಹಿತ್ತಿಲಿನಿಂದ, “ಬಾರ್ಲಾ ಇತ್ಲಾಗೆ” ಅಂದರೆ ಬಾಲ ಎತ್ತಿಕೊಂಡು ಬರುತ್ತಿತ್ತು.

ಭಾಷೆ ಹೀಗೆ ಎರಡಾದರೂ ಅಪ್ಪ ಮಗನ ದನಿ ಮಾತ್ರ ಒಂದೇ ಅಚ್ಚು. ಅಡುಗೆಮನೆಯಲ್ಲಿದ್ದ ನನಗೆ ಮಾತಿನ ಮೇಲೆಯೇ ಗುರುತು. “ಕಾಫಿ ಇದೆಯೇ ತಾಯಿ?” ಅಂದರೆ ಮಾವನವರು. “ಕಾಪಿ ಅದಾ ಅತ್ಗೆ?” ಅಂದರೆ ಮೈದುನ. ಬರೀ ಕೆಮ್ಮಿದರೆ ಮಾತ್ರ ಯಾರೆಂದು ತಿಳಿಯುತ್ತಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಯಾರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ. ಇದು ಗೊತ್ತಾದ ಮೇಲೆ ಮೈದುನನಿಗೆ ಕೆಮ್ಮು ಜಾಸ್ತಿಯಾಯಿತು.

ಅವನು ಗೋಲ್‌ಕೀಪರ್. ಹಗಲು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಬಾಯ್ಲರ್, ಸಂಜೆ ಫುಟ್‌ಬಾಲ್. ಮನೆಗೆ ಬಂದ ಮೇಲೂ ಕೈಗಳು ಆಟ ಬಿಡುತ್ತಿರಲಿಲ್ಲ. ಅವನಿರುವಾಗ ನಮ್ಮ ಮನೆಯಲ್ಲಿ ಒಂದು ವಸ್ತುವೂ ನೆಲ ಮುಟ್ಟಿದ್ದಿಲ್ಲ. ಜಾರಿದ ಲೋಟ, ಉರುಳಿದ ಈರುಳ್ಳಿ, ಮಗುಚಲಿದ್ದ ಹಪ್ಪಳದ ಡಬ್ಬ, ಎಲ್ಲದಕ್ಕೂ ಹಾರುತ್ತಿದ್ದ. ಹಿಡಿದದ್ದನ್ನು ಎದೆಗೆ ಒತ್ತಿಕೊಂಡು ಒಂದು ಗಳಿಗೆ ಹಾಗೇ ಕೂರುತ್ತಿದ್ದ, ಯಾರಾದರೂ ಒದೆಯಲು ಬರುತ್ತಾರೇನೋ ಎಂಬಂತೆ. ಮದ್ದೂರು ವಡೆಯನ್ನೂ ಎರಡು ಕೈಯಲ್ಲಿ ಹಿಡಿದೇ ತಿನ್ನುತ್ತಿದ್ದ. ತಿಂದ ಮೇಲೆ ಎಣ್ಣೆಕಾಗದವನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅವನ ಪ್ಯಾಂಟು ಒಗೆಯುವಾಗ ನನಗೆ ಸಿಗುತ್ತಿದ್ದ ಆಸ್ತಿ ಅದೊಂದೇ.

ಆ ‘ಲಾ’ ನಡೆದದ್ದು ಹತ್ತು ಹನ್ನೆರಡು ವರ್ಷದ ಹಿಂದೆ, ಮಂಡ್ಯದ ಮೈದಾನದಲ್ಲಿ. ಮಾವನವರು ಮಗನ ಆಟ ನೋಡಲು ಹೋದದ್ದು ಅದೇ ಮೊದಲು. ಗೋಲಿನ ಬಲೆಯ ಹಿಂದೆ ಕೊಡೆ ಹಿಡಿದು ಒಬ್ಬರೇ ನಿಂತಿದ್ದರಂತೆ. ಎದುರು ತಂಡದವನು ಒದ್ದ ಚೆಂಡನ್ನು ಮೈದುನ ಗೆರೆಯ ಮೇಲೇ ಹಿಡಿದ. ರೆಫರಿ, ಚೆಂಡು ಗೆರೆ ದಾಟಿತು, ಗೋಲಾಯಿತು ಎಂದು ಸೀಟಿ ಊದಿ, ತಿರುಗಿ ಹೊರಟರು. ಆಗ ಬೆನ್ನ ಹಿಂದಿನಿಂದ ಒಂದು ದನಿ ಕೇಳಿತು: “ಕಣ್ಣು ಕಾಣಾಕಿಲ್ವೇನ್ಲಾ ನಿಂಗೆ?”

ಗೋಲಿನ ಕಡೆ ಇದ್ದ ಆಟಗಾರ ಇವನೊಬ್ಬನೇ. ರೆಫರಿ ಮಂಗಳೂರು ಕಡೆಯವರು, ಜಗಳವನ್ನೂ ಪಠ್ಯಪುಸ್ತಕದಂತೆ ಆಡುವವರು. ನಮ್ಮ ಕಡೆಯವರಾಗಿದ್ದರೆ ‘ಕಾಣ್ತದೆ ಓಗ್ಲಾ’ ಅಂದು ಮುಗಿಸುತ್ತಿದ್ದರು. ಇವರು ಕೆಂಪು ಕಾರ್ಡು ತೆಗೆದರು. ಮೈದುನ ಒಂದು ಮಾತೂ ಆಡದೆ ಗ್ಲೌಸು ಬಿಚ್ಚಿಕೊಂಡು ಹೊರಗೆ ನಡೆದ. ಮೊದಲ ಸಲ ಆಟ ನೋಡಲು ಹೋದ ದಿನವೇ ಮಾವನವರು ಮಗನ ಮಾನ ಹೋಗುವುದನ್ನು ಕಣ್ಣಾರೆ ನೋಡಬೇಕಾಯಿತಲ್ಲ ಎಂದು ನಾವೆಲ್ಲ ಮರುಗಿದೆವು.

ವಿಚಾರಣೆಗೆ ಒಂದು ಸಮಿತಿ ಕೂತಿತು. ಮೈದುನ ಹೇಳಿದ್ದು ಒಂದೇ ಮಾತು, “ನಾನು ಅನ್ನಲಿಲ್ಲ.” ಮತ್ಯಾರು ಅಂದರು ಎಂದರೆ, “ನಂಗೊತ್ತಿಲ್ಲ.” ಸಮಿತಿಯ ಹಿರಿಯರೊಬ್ಬರು ಕನಿಕರಪಟ್ಟು, ರೆಫರಿಗೆ ಸಮಾಧಾನ ಹೇಳಲು ಹೋದರು: “ಲಾ ಅನ್ನಾದು ಬೈಗುಳ ಅಲ್ಲ ಕಣ್ಲಾ, ಪಿರೂತಿ ಕಣ್ಲಾ.” ರೆಫರಿ ಎದ್ದು ಹೊರಗೆ ಹೋದರು. ಆಮೇಲೆ ತೀರ್ಪು ಬಂತು: ರೆಫರಿಯ ಎದುರಿಗೆ ಬಂದು ತಪ್ಪಾಯಿತು ಅನ್ನುವವರೆಗೆ ಅಮಾನತು.

ತಪ್ಪಾಯಿತು ಅನ್ನಲು ಎಷ್ಟು ಹೊತ್ತು ಬೇಕು? ಕಾನ್ವೆಂಟಿನಲ್ಲಿ ನಾವು ತಪ್ಪು ಮಾಡುವ ಮೊದಲೇ ಸಾರಿ ಹೇಳಿಟ್ಟುಕೊಳ್ಳುತ್ತಿದ್ದೆವು. ಅದನ್ನೇ ಅವನಿಗೆ ಹೇಳಿದೆ. “ಅನ್ನದೇ ಇರೋ ಮಾತ್ಗೆ ತಪ್ಪಾಯ್ತು ಅನ್ಬೇಕಾದ್ರೆ, ತಡೀರಿ ಅತ್ಗೆ, ಮೊದ್ಲು ಓಗಿ ಒಂದ್ಸಲ ಅಂದ್ಬುಟ್ಟು ಬತ್ತೀನಿ” ಎಂದ. ಈ ಮಾತು ಬಂದಾಗಲೆಲ್ಲ ಮಾವನವರು ಎದ್ದು ಚೊಂಬು ಹಿಡಿದು ದಾಸವಾಳಕ್ಕೆ ನೀರು ಹಾಕಲು ಹೋಗುತ್ತಿದ್ದರು. ಆ ವರ್ಷ ಮನೆಯಲ್ಲಿ ಈ ಮಾತು ಬಹಳ ಬಂತು. ಗಿಡ ಬೇರು ಕೊಳೆತು ಸತ್ತಿತು. ಬೇರೆ ನೆಟ್ಟೆವು.

ಮಳವಳ್ಳಿಯಲ್ಲಿ ಹೆಣ್ಣು ನೋಡಲು ಹೋದಾಗ ಈ ಸುದ್ದಿ ನಮಗಿಂತ ಮೊದಲೇ ಹೋಗಿ ಜಗುಲಿಯಲ್ಲಿ ಕೂತಿತ್ತು. ಹುಡುಗಿಯ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಕೇಳಿದರು.

“ಸಸ್ಪೆಂಡ್ ಆಗಿದ್ದೀರಂತೆ. ಯಾವ ಡಿಪಾರ್ಟ್‌ಮೆಂಟು?”

“ಫುಟ್‌ಬಾಲು” ಎಂದ ಮೈದುನ.

“ಅರ್ಧ ಸಂಬಳ ಬತ್ತದಾ?”

“ಇಲ್ಲ.”

“ಎಷ್ಟು ತಿಂದಿದ್ರಿ?”

“ಏನೂ ತಿಂದಿಲ್ಲ.”

ದೊಡ್ಡಪ್ಪ ಹುಡುಗಿಯ ಅಪ್ಪನ ಕಡೆ ತಿರುಗಿ, “ಏನೂ ತಿನ್ನದೆ ಸಸ್ಪೆಂಡ್ ಆಗವ್ನೆ. ಇಂತೋನ್ಗೆ ಎಂಗ್ಲಾ ಎಣ್ಣು ಕೊಡಾದು?” ಎಂದರು.

ಅಷ್ಟರಲ್ಲಿ ಹುಡುಗಿ ಕಾಫಿ ತಂದಳು. ತಟ್ಟೆ ವಾಲಿತು. ಒಂದು ಲೋಟ ಜಾರಿತು. ಮೈದುನ ಕುರ್ಚಿಯಿಂದ ಹಾರಿ ನೆಲದ ಮೇಲೆ ಅಡ್ಡ ಬಿದ್ದು ಅದನ್ನು ಹಿಡಿದು ಎದೆಗೆ ಒತ್ತಿಕೊಂಡ. ಬಿಳಿ ಶರ್ಟಿನ ಮೇಲೆ ಕಾಫಿ, ಅಂಗೈ ಕೆಂಪು. ಹುಡುಗಿ ಅವನನ್ನು ನೋಡಿದಳು, ದೊಡ್ಡಪ್ಪನನ್ನು ನೋಡಿದಳು. “ಒಂದು ಲಾಗೆ ಸಸ್ಪೆಂಡ್ ಅಂದ್ರೆ ನಮ್ ದೊಡ್ಡಪ್ಪನ್ನ ನೇಣಿಗೇ ಹಾಕ್ಬೇಕು” ಎಂದು ಒಳಗೆ ಹೋದಳು. ಈಗ ಅವಳು ನನ್ನ ವಾರಗಿತ್ತಿ.

ಆಟವಿಲ್ಲದ ಮಂಡ್ಯ ಅವನಿಗೆ ರುಚಿಸಲಿಲ್ಲ. ಮಲೇಶಿಯಾದ ತಾಳೆ ಎಣ್ಣೆ ಕಾರ್ಖಾನೆಯೊಂದಕ್ಕೆ ಬಾಯ್ಲರ್ ಬಲ್ಲವರು ಬೇಕೆಂದು ತಿಳಿದು ಹೊರಟುಬಿಟ್ಟ. ಇಳಿದ ದಿನವೇ ಫೋನು. “ಅತ್ಗೆ, ಏರ್‌ಪೋರ್ಟ್‌ನಾಗೆ ಪಾಸ್‌ಪೋರ್ಟ್ ನೋಡೋನು ಏನಂದ ಗೊತ್ತಾ? ‘ಓಕೆ ಲಾ, ಗೋ ಲಾ.’ ಯಾರೋ ನಮ್ ಕೆರಗೋಡಿನೋನೇ ಇರ್ಬೇಕು, ಮೂಗು ಮಾತ್ರ ಚಪ್ಪಟೆ ಆಗ್ಯದೆ ಅಂದ್ಕಂಡೆ. ಆಚೆ ಬಂದ್ರೆ ಟ್ಯಾಕ್ಸಿಯೋನು ಲಾ, ಟೀ ಅಂಗ್ಡಿಯೋನು ಲಾ, ಪೋಲೀಸ್ನೋನೂ ಲಾ.” ನಿಜ, ಆ ದೇಶದವರು ಮಾತಿನ ಬಾಲಕ್ಕೆ ‘ಲಾ’ ಸೇರಿಸದೆ ಬಿಡುವುದಿಲ್ಲವಂತೆ. ಅಲ್ಲಿ ಅದು ಸಲುಗೆ. ಇಲ್ಲಿಯೂ ಅದೇ ಅಲ್ಲವೇ?

ಅಲ್ಲಿಂದ ಅವನ ಜೀವನ ನಮಗೆ ವಿಡಿಯೊ ಕಾಲ್‌ನಲ್ಲಿ ಊಟದ ತಟ್ಟೆಯಾಗಿ ಬರತೊಡಗಿತು. ತಟ್ಟೆಯನ್ನು ಎಷ್ಟು ಹತ್ತಿರ ಹಿಡಿಯುತ್ತಿದ್ದನೆಂದರೆ ನಾನು ಫೋನು ಒರೆಸಿಕೊಳ್ಳುತ್ತಿದ್ದೆ. ತೆಂಗಿನಹಾಲಿನಲ್ಲಿ ಬೆಂದ ಅನ್ನ, ಪಕ್ಕದಲ್ಲಿ ಹುರಿದ ಕಡಲೆಕಾಯಿ, ಬೆರಳುದ್ದದ ಒಣಮೀನು, ಕೆಂಪು ಚಟ್ನಿ. ಎತ್ತರದಿಂದ ಸುರಿದು ನೊರೆ ಎಬ್ಬಿಸಿದ ಚಹಾ. “ಮದ್ದೂರ್ ಟೇಸನ್ನಾಗೂ ಇಂಗೇ ಸುರೀತಾರೆ ಅತ್ಗೆ. ಆದ್ರೆ ಇವ್ರು ಚೆಲ್ಲಾಕಿಲ್ಲ.” ಚೆಲ್ಲಿದರೆ ಹಿಡಿಯಲು ಇವನಿದ್ದನಲ್ಲ. ಹಲಸಿನ ತಮ್ಮನಂತಿರುವ ಡುರಿಯನ್ ಎಂಬ ಹಣ್ಣನ್ನು ತೋರಿಸಿದ. ಅದರ ವಾಸನೆಗೆ ಹೆದರಿ ಹೋಟೆಲುಗಳಲ್ಲಿ ಬಾಗಿಲಿಗೇ ಬೋರ್ಡು ಹಾಕಿದ್ದಾರಂತೆ, ಒಳಗೆ ತರಬಾರದೆಂದು. “ಇದೂ ನನ್ನಂಗೇ ಸಸ್ಪೆಂಡ್ ಆಗ್ಯದೆ ಅತ್ಗೆ. ಒಳಗೆ ಮಾತ್ರ ಬಲ್ ಸಿಹಿ.”

ನಾನು ಕಳಿಸಿದ ರಾಗಿ ಹಿಟ್ಟಿನಲ್ಲಿ ಭಾನುವಾರ ಮುದ್ದೆ ಮಾಡಿ ನೆರೆಯವನಿಗೂ ಬಡಿಸಿದ. ಆತ ಪಚಪಚ ಅಗಿಯತೊಡಗಿದಾಗ, “ಡೋಂಟ್ ಬೈಟ್ ಲಾ, ನುಂಗು ಲಾ” ಎಂದು ಕಲಿಸಿದ. ಆತ ನುಂಗಿದ. ಕಣ್ಣಲ್ಲಿ ನೀರು ಬಂತು. ಈಗ ಪ್ರತಿ ಭಾನುವಾರ ತಟ್ಟೆ ಹಿಡಿದುಕೊಂಡು ಬರುತ್ತಾನಂತೆ.

ಒಂದು ದಿನ ಮಾತ್ರ ತಟ್ಟೆ ತೋರಿಸಲಿಲ್ಲ. ಕಾರ್ಖಾನೆಯವರ ಫುಟ್‌ಬಾಲಿನಲ್ಲಿ ಗೋಲಿಗೆ ನಿಂತಿದ್ದನಂತೆ. ರೆಫರಿ ತಪ್ಪು ಕೊಟ್ಟರು. ಇವನು, “ಸೀ ಪ್ರಾಪರ್ಲಿ ಲಾ” ಅಂದುಬಿಟ್ಟ. ಅಂದವನೇ ಗ್ಲೌಸು ಬಿಚ್ಚಿಕೊಂಡು ಹೊರಡಲು ಸಿದ್ಧನಾದ. ರೆಫರಿ ಅವನ ಭುಜ ತಟ್ಟಿ, “ಸಾರಿ ಲಾ” ಅಂದರು. “ಅತ್ಗೆ, ರೆಫರಿ ನಂಗೆ ಸಾರಿ ಕೇಳ್ದ” ಎಂದ ಮೈದುನ. ಫೋನು ಸ್ಪೀಕರಿನಲ್ಲಿತ್ತು. ಮಾವನವರು ಎದ್ದು ಚೊಂಬು ತೆಗೆದುಕೊಂಡರು. ಹೊರಗೆ ಮಳೆ ಬರುತ್ತಿತ್ತು.

ಕಳೆದ ತಿಂಗಳು ರಜಕ್ಕೆ ಬಂದ. ಸ್ವಲ್ಪ ದಪ್ಪಗಾಗಿದ್ದ. ಮಂಡ್ಯದಲ್ಲಿ ಹಳೆಯ ಆಟಗಾರರ ಒಂದು ಪಂದ್ಯ ಇಟ್ಟಿದ್ದರು. ಇವನ ತಂಡದವರು ಕರೆದರು. ಆದರೆ ಹಳೆಯ ಅಮಾನತು ಹಾಗೇ ಇದೆಯೆಂದು ಯಾರಿಗೋ ನೆನಪಾಯಿತು. ಇಂಥವನ್ನು ನೆನಪಿಡುವವರು ಎಲ್ಲ ಊರಲ್ಲೂ ಒಬ್ಬರಿರುತ್ತಾರೆ. ತಪ್ಪಾಯಿತು ಅನ್ನದೆ ಆಡುವಂತಿಲ್ಲ.

ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಮೈದುನ ಹೇಳಿದ, “ಮಂಡಿ ನೋಯ್ತದೆ ಅತ್ಗೆ. ಇನ್ನೊಂದ್ ವರ್ಸ ಬುಟ್ರೆ ಎಲ್ಲೂ ಆಡಾಕಾಗಲ್ಲ. ಆ ಗೋಲ್‌ನಾಗೆ ಒಂದ್ಸಲ ನಿಂತ್ಕಂಡ್ರೆ ಸಾಕಾಗಿತ್ತು.” ಹೊಸ ಗ್ಲೌಸು ತಂದಿದ್ದ. ಅದರ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಆ ರೆಫರಿಯೇ ನಮ್ಮ ಮನೆಗೆ ಬಂದರು. ಅವರಿಗೂ ಈಗ ಕೂದಲು ನರೆತಿದೆ. ನಾನು ಕಾಫಿಯ ಜೊತೆ ವಡೆ ಇಟ್ಟೆ. ಅವರು ಹೊರಬಾಗಿಲಿಗೆ ಬೆನ್ನು ಮಾಡಿ ಕೂತು ಹೇಳಿದರು.

“ನನಗೇನೂ ಸಿಟ್ಟು ಉಳಿದಿಲ್ಲ ಮಾರಾಯ್ರೆ. ಒಂದು ಮಾತು ಹೇಳಿಬಿಡಿ. ನಾನು ಈಗಲೇ ಫೋನ್ ಮಾಡ್ತೇನೆ. ನಾಳೆ ನೀವು ಆಡಿ.”

ಮೈದುನ ತನ್ನ ಅಂಗೈಗಳನ್ನು ನೋಡಿಕೊಂಡ. ಇಷ್ಟು ವರ್ಷ ಬಗ್ಗದವನು ಇವತ್ತು ಬಗ್ಗುತ್ತಾನೆ ಎಂದು ನನಗೆ ಗೊತ್ತಾಗಿಹೋಯಿತು. ಯಾಕೋ ಸಂಕಟವಾಯಿತು. ಅವನು ಬಾಯಿ ತೆರೆದು, “ಆಯ್ತು ಸಾ, ತಪ್—” ಎನ್ನುವಷ್ಟರಲ್ಲಿ ಅದೇ ದನಿ, ರೆಫರಿಯ ಬೆನ್ನ ಹಿಂದಿನಿಂದ ಬಂತು.

“ಕಣ್ಣು ಕಾಣಾಕಿಲ್ವೇನ್ಲಾ ನಿಂಗೆ?”

ರೆಫರಿ ಬೆಚ್ಚಿ ಮೈದುನನ ಮುಖ ನೋಡಿದರು. ಅವನ ತುಟಿ ಮುಚ್ಚಿತ್ತು. ತಿರುಗಿದರು. ಹೊಸ್ತಿಲಲ್ಲಿ ಚೊಂಬು ಹಿಡಿದು ನಮ್ಮ ಮಾವನವರು ನಿಂತಿದ್ದರು.

“ಅಂದು ಹೀಗೆ ಅಂದವನು ನಾನು” ಎಂದರು ಮಾವನವರು, ತಮ್ಮ ಎಂದಿನ ಕನ್ನಡದಲ್ಲಿ. “ಹೇಳಬೇಕೆಂದು ಬಾಯಿ ತೆರೆದೆ. ಇವರು ನನ್ನ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿ ನಡೆದುಬಿಟ್ಟರು. ಆಮೇಲೆ ನನಗೆ ಧೈರ್ಯ ಬರಲಿಲ್ಲ. ತಪ್ಪಾಯಿತು. ದಯವಿಟ್ಟು ಕ್ಷಮಿಸಿ.”

‘ಇವರು’ ಎಂದರೆ ಮೈದುನ. ಮಗನನ್ನೂ ಅವರು ಹಾಗೆಯೇ ಕರೆಯುವುದು.

ರೆಫರಿ ಎದ್ದು ನಿಂತರು. “ಸಾರ್, ಹಾಗಾದರೆ ಆ ಗೋಲು?” ಎಂದು ಕೇಳಿದರು.

“ಚೆಂಡು ಗೆರೆ ದಾಟಿರಲಿಲ್ಲ” ಎಂದರು ಮಾವನವರು. “ಕ್ಷಮೆ ಕೇಳಿದ್ದು ಮಾತಿಗೆ. ಗೋಲಿಗಲ್ಲ.”

“ಯಾಕಪ್ಪ ಏಳಕ್ಕೋದ್ರಿ ಇದ್ನೆಲ್ಲ?” ಎಂದ ಮೈದುನ. “ನಿಮ್ಮನ್ನ ಊರು ಏನಂದಾತು?”

ಮಾವನವರು ಮಗನನ್ನೇ ನೋಡುತ್ತಿದ್ದರು. “ಸಾಕು ಬುಡ್ಲಾ” ಎಂದರು.

ಆಗ ಅವರ ಒದ್ದೆ ಕೈಯಿಂದ ಚೊಂಬು ಜಾರಿತು. ಮೈದುನ ಎರಡೇ ಹೆಜ್ಜೆ ದೂರದಲ್ಲಿದ್ದ, ಕದಲಲಿಲ್ಲ. ಚೊಂಬು ನೆಲಕ್ಕೆ ಬಿದ್ದು ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತಿತು.

ರೆಫರಿ ಹೇಳಿದಂತೆಯೇ ಫೋನ್ ಮಾಡಿ ಅಮಾನತು ತೆಗೆಸಿದರು. ಮರುದಿನ ಮಂಡ್ಯದ ಮೈದಾನಕ್ಕೆ ಎಲ್ಲರೂ ಹೋದೆವು. ಮಾವನವರು ಗೋಲಿನ ಹಿಂದೆ ಕೊಡೆ ಹಿಡಿದು ನಿಂತರು. ಮೈದುನ ದಪ್ಪ ಹೊಟ್ಟೆಯ ಮೇಲೆ ಜೆರ್ಸಿ ಎಳೆದುಕೊಂಡು ಮುಂದೆ ನಿಂತ. ನಾನು ದೂರದ ಮೆಟ್ಟಿಲ ಮೇಲೆ ವಡೆಯ ಪೊಟ್ಟಣ ಇಟ್ಟುಕೊಂಡು ಕೂತಿದ್ದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗೋಲಿನ ಕಡೆಯಿಂದ ಯಾರೋ ದೊಡ್ಡದಾಗಿ ಕೆಮ್ಮಿದರು. ಅಪ್ಪನೋ ಮಗನೋ ತಿಳಿಯಲಿಲ್ಲ. ನಾನು ಯಾವುದಕ್ಕೂ ಇರಲಿ ಎಂದು ಎದ್ದು ನಿಂತೆ.