ಕೆಡಿಸಲು ಹೋದ ಭಾನುವಾರ

ಎಲ್ಲ ಶುರುವಾದದ್ದು ಮಗಳ ಚೀಲದಿಂದ ಬಿದ್ದ ಒಂದು ಚೀಟಿಯಿಂದ. ‘ಮಕ್ಕಳ ಓಟದ ಕ್ಲಬ್ಬಿನಲ್ಲಿ ನೆರವಾಗುವ ಸರದಿ ಈ ಭಾನುವಾರ ನಿಮ್ಮದು. ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿರಿ.’

ಬೇಕರಿಯವ ಚೀಟಿಯನ್ನು ಎರಡೆರಡು ಸಲ ಓದಿದ. ವಾರದ ಆರು ದಿನ ಮೂರು ಗಂಟೆಗೆದ್ದು ಹಿಟ್ಟು ನಾದುವವನಿಗೆ ಭಾನುವಾರ ಹತ್ತರವರೆಗಿನ ನಿದ್ದೆಯೊಂದೇ ಸುಖ. ಕ್ಲಬ್ಬಿನಲ್ಲಿ ಸಂಬಳದವರು ಯಾರೂ ಇಲ್ಲ, ಎಲ್ಲವನ್ನೂ ಅಪ್ಪ ಅಮ್ಮಂದಿರೇ ಮಾಡಬೇಕು. ಮಗಳು ಸೇರಿ ತಿಂಗಳಾಗಿತ್ತು, ಕರೆದೊಯ್ಯುತ್ತಿದ್ದವಳು ಹೆಂಡತಿ. ಮೈದಾನ ಯಾವ ದಿಕ್ಕಿಗಿದೆ ಎಂಬುದೂ ಇವನಿಗೆ ನೆಟ್ಟಗೆ ಗೊತ್ತಿರಲಿಲ್ಲ.

ಉಪಾಯ ಹೇಳಿಕೊಟ್ಟವನು ಭಾವಮೈದ. “ಭಾವ, ಆಗಲ್ಲ ಅಂದ್ರೆ ಅವರು ಬಿಡಲ್ಲ. ಹೋಗಿ ಚೆನ್ನಾಗಿ ಕೆಡಿಸಿಬಿಡಿ. ಆಮೇಲೆ ಜನ್ಮದಲ್ಲಿ ಕರೆಯಲ್ಲ.”

“ಕೆಡಿಸೋದು ಹೇಗಯ್ಯಾ?”

“ಬ್ರೆಡ್ ಸುಟ್ಟು ಕರಕಲು ಮಾಡಿಲ್ವಾ ಯಾವತ್ತೂ? ಹಾಗೇ.”

ಅಡುಗೆಮನೆಯಲ್ಲಿದ್ದ ಹೆಂಡತಿ ಯಾಕೋ ಕೆಮ್ಮಿದಳು.

ಭಾನುವಾರ ಕ್ಲಬ್ಬಿನ ಅಧ್ಯಕ್ಷೆ ಅವನ ಕೊರಳಿಗೆ ಸೀಟಿ ಹಾಕಿ, ಕೈಗೆ ಸ್ಟಾಪ್‌ವಾಚ್ ಕೊಟ್ಟರು. ನರ್ಸ್ ಕೆಲಸದಿಂದ ನಿವೃತ್ತರಾದ ಅವರನ್ನು ಎಲ್ಲರೂ ಸೀಟಿ ಮೇಡಂ ಎಂದೇ ಕರೆಯುತ್ತಿದ್ದರು. “ಹುಷಾರು. ಹೋದ ವಾರ ಅರ್ಧ ಸೆಕೆಂಡಿಗೋಸ್ಕರ ಹಲ್ಲಿನ ಡಾಕ್ಟ್ರೂ ಪೋಸ್ಟ್‌ಮ್ಯಾನೂ ಕಾಲರ್ ಹಿಡ್ಕೊಂಡಿದ್ರು.”

ಬೇಕರಿಯವನಿಗೆ ಒಳಗೊಳಗೇ ಖುಷಿಯಾಯಿತು. ಅಪ್ಪ ಅಮ್ಮಂದಿರು ಬಗ್ಗಿ ಮಕ್ಕಳ ಶೂ ಲೇಸು ಕಟ್ಟುತ್ತಿರುವಾಗಲೇ ಪುರ್ರ್ ಎಂದು ಸೀಟಿ ಊದಿಬಿಟ್ಟ. ಮಕ್ಕಳು ಕಿತ್ತುಕೊಂಡು ಓಡಿದರು, ಲೇಸು ಹಿಡಿದಿದ್ದ ದೊಡ್ಡವರೂ ಅವರ ಹಿಂದೆ ಓಡಬೇಕಾಯಿತು. ಹಲ್ಲಿನ ಡಾಕ್ಟರು ಮಗಳ ಒಂದು ಶೂ ಎತ್ತಿ ಹಿಡಿದು “ನಿಲ್ಲೇ, ನಿಲ್ಲೇ!” ಎಂದು ಏದುಸಿರು ಬಿಟ್ಟರು. ಪೋಸ್ಟ್‌ಮ್ಯಾನ್ ಮಗನನ್ನೇ ದಾಟಿ ಮುಂದೆ ಹೋದ. ಬೈಗುಳಕ್ಕೆ ಕಿವಿಗೊಟ್ಟು ನಿಂತ ಬೇಕರಿಯವನಿಗೆ ಕೇಳಿಸಿದ್ದು ಬರೀ ನಗು.

ಇರಲಿ, ಗಡಿಯಾರ ಇದೆಯಲ್ಲ! ಅದರ ಗುಂಡಿಯನ್ನು ಅವನು ಒತ್ತಿರಲೇ ಇಲ್ಲ. ಎಲ್ಲರೂ ಬಂದು ಮುತ್ತಿಕೊಂಡರು. “ಎಷ್ಟಾಯ್ತು? ನಮ್ಮವನದು ಎಷ್ಟು?”

“ಎಲ್ಲರದ್ದೂ ಮೂವತ್ತು ಸೆಕೆಂಡ್,” ಎಂದ ಕಣ್ಣುಮುಚ್ಚಿ.

“ಪೋಸ್ಟ್‌ಮ್ಯಾನ್ ಮಗನದ್ದೂ?” ಡಾಕ್ಟರು ಕೇಳಿದರು.

“ಮೂವತ್ತೇ.”

“ಡಾಕ್ಟ್ರ ಮಗಳದ್ದು?” ಪೋಸ್ಟ್‌ಮ್ಯಾನ್ ಕೇಳಿದ.

“ಮೂವತ್ತೇ ಅಂದ್ನಲ್ಲ!”

ಇಬ್ಬರೂ ಮುಖ ಮುಖ ನೋಡಿಕೊಂಡರು. ಯಾರ ಮಗುವೂ ಸೋತಿರಲಿಲ್ಲ. ಜಗಳಕ್ಕೆ ಬೇರೆ ಕಾರಣ ಹೊಳೆಯದೆ ಕೈ ಕುಲುಕಿದರು. ಅಷ್ಟರಲ್ಲಿ, ಯಾವಾಗಲೂ ಕೊನೆಗೆ ಬರುವ ಬೇಕರಿಯವನ ಮಗಳು ಓಡಿಬಂದಳು. “ಅಪ್ಪಾ, ನಂದೂ ಮೂವತ್ತಾ?” ಬೇಕರಿಯವನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

“ಇಂಥೋರು ಬೇಕಿತ್ತು ನಮಗೆ!” ಎನ್ನುತ್ತ ಸೀಟಿ ಮೇಡಂ ಮೈದಾನದ ಬೀಗದಕೈಯನ್ನು ಅವನ ಅಂಗೈಯಲ್ಲಿಟ್ಟರು. “ಇನ್ಮೇಲೆ ಪ್ರತಿ ಭಾನುವಾರ ನೀವೇ. ಬೇಗ ಏಳೋದು ಅಭ್ಯಾಸ ಅಂತೆ, ಐದೂವರೆಗೆ ಬಂದು ಗೇಟ್ ತೆಗೆದುಬಿಡಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳ ಚಪ್ಪಾಳೆಯೇ ಎಲ್ಲಕ್ಕಿಂತ ಜೋರಾಗಿತ್ತು, ಅವನು ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ನೆಟ್ಟಗೆ ಭಾವಮೈದನ ಮನೆಗೆ ಹೋಗಿ ಬಾಗಿಲು ಬಡಿದ. ತೆರೆದವಳು ಭಾವಮೈದನ ಹೆಂಡತಿ.

“ಮೆಲ್ಲಗೆ, ಅಣ್ಣಾ! ಅವರಿನ್ನೂ ಎದ್ದಿಲ್ಲ. ಪಾಪ, ನಾಲ್ಕು ವರ್ಷ ಆ ಸೀಟಿ ಊದಿ ಭಾನುವಾರ ನಿದ್ದೇನೇ ಮಾಡಿರಲಿಲ್ಲ. ಇವರೂ ಮೊದಲ ದಿನ ಕೆಡಿಸೋಕೇ ಅಂತ ಹೋಗಿ ಸಿಕ್ಕಿಹಾಕ್ಕೊಂಡಿದ್ದು. ಬಿಡಬೇಕು ಅಂದ್ರೆ ಬದಲಿಗೆ ಒಬ್ಬರನ್ನ ಕೊಡಬೇಕಂತೆ.”

“ಅದಕ್ಕೆ ನಾನೇ ಬೇಕಿತ್ತಾ?”

“ನಿಮ್ಮ ಹೆಸರು ಹೇಳಿದ್ದು ಅತ್ತಿಗೇನೇ, ನಿಮ್ಮ ಹೆಂಡ್ತಿ. ‘ಚೆನ್ನಾಗಿ ಮಾಡಿ ಅಂದ್ರೆ ಹಾಸಿಗೆ ಬಿಡಲ್ಲ, ಕೆಡಿಸಿ ಬನ್ನಿ ಅಂದ್ರೆ ಓಡ್ತಾರೆ’ ಅಂದ್ರು.”

ಒಳಗಿನಿಂದ ಭಾವಮೈದನ ಗೊರಕೆ ಹಾಯಾಗಿ ಕೇಳಿಬರುತ್ತಿತ್ತು. ಬೇಕರಿಯವ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು ದೊಡ್ಡದಾಗಿ ಆಕಳಿಸಿದ.